ತಿನ್ನೋರಾದ್ರೆ ಮೀನು

ನಾಗಲಿಂಗಮ್ಮನ ಮೂಗಿನ ವಿಷಯ ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರ ಮನೆಯ ಹಾಲು ಒಡೆಯಲು ಬಂದಿದೆ, ಯಾರ ಡಬ್ಬಿಯ ಶೇಂಗಾ ಎಣ್ಣೆ ಮುಗ್ಗಿದೆ ಎಂಬುದನ್ನು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಹೋಟೆಲಿನ ಲೋಟದಲ್ಲಿ ನೀರು ಕುಡಿದವಳಲ್ಲ. ಒಮ್ಮೆ ನೆರೆಮನೆಯ ಕೂಸಿನ ಹುಟ್ಟುಹಬ್ಬದ ಕೇಕನ್ನು ಬಾಯಿಗಿಟ್ಟುಕೊಂಡವಳು, ಅದರಲ್ಲಿ ಮೊಟ್ಟೆ ಇದೆಯೆಂದು ಗೊತ್ತಾದದ್ದೇ ಹಿತ್ತಲಿಗೆ ಓಡಿದ್ದಳು. ಆಮೇಲೆ ಎರಡು ದಿನ ಮಜ್ಜಿಗೆ ಬಿಟ್ಟು ಬೇರೇನೂ ಅವಳ ಹೊಟ್ಟೆಯಲ್ಲಿ ನಿಂತಿರಲಿಲ್ಲ.

ಅವಳ ತವರು ಕೋಗಳಿ. ಬಸದಿಯ ಹಿಂದಿನ ಓಣಿಯಲ್ಲಿ ಅವಳಪ್ಪನ ಮನೆ. ಒಣಮೀನಿನ ಬುಟ್ಟಿ ಹೊತ್ತ ಹೆಂಗಸು ಆ ದಾರಿಯಲ್ಲಿ ಹಾದುಹೋದರೆ ತಾಯಿ ಬಾಗಿಲು ಹಾಕಿಕೊಂಡು ಊದಿನಕಡ್ಡಿ ಹಚ್ಚುತ್ತಿದ್ದಳು. ಚಿಕ್ಕವಳಿದ್ದಾಗ ನಾಗಲಿಂಗಮ್ಮ ಯಾರದೋ ಜೊತೆ ಪಂಥ ಕಟ್ಟಿ ಆ ಬುಟ್ಟಿಯಿಂದ ಬಿದ್ದ ಒಂದು ಮೀನನ್ನು ಕೈಯಲ್ಲಿ ಹಿಡಿದಿದ್ದಳಂತೆ. ಸೀಗೆಪುಡಿ, ಬೂದಿ, ಹುಣಸೆಹಣ್ಣು ಎಲ್ಲ ಹಚ್ಚಿ ತಿಕ್ಕಿದರೂ ಅಂಗೈಯ ನಾತ ಹೋಗಲಿಲ್ಲವಂತೆ. ಆ ಕೈಯಿಂದ ಉಣ್ಣಲಾರದೆ ಎಡಗೈಯಲ್ಲಿ ಉಂಡು ಅಪ್ಪನಿಂದ ಹೊಡೆತ ತಿಂದದ್ದನ್ನು ಅವಳೇ ಹೇಳುತ್ತಿದ್ದಳು. ಹೇಳುವಾಗಲೂ ಮುಖ ಹಿಂಡಿಕೊಳ್ಳುತ್ತಿದ್ದಳು.

ಅಂಥವಳು ಶಿವಯೋಗಪ್ಪನ ಹೆಂಡತಿಯಾಗಿ ಬಂದದ್ದು ಎಲ್ಲರ ಕಣ್ಣಿಗೂ ಸರಿಯಾದ ಜೋಡಿಯಾಗಿ ಕಂಡಿತ್ತು. ಶಿವಯೋಗಪ್ಪನಿಗೆ ಬಜಾರಿನಲ್ಲಿ ಪಾತ್ರೆ ಅಂಗಡಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಮಠದ ಕಮಿಟಿಯಲ್ಲಿ ಮಾತಾಡಲು ನಿಂತರೆ ಮಡಿ, ಆಚಾರ, ಊಟದ ಶುದ್ಧಿ ಎಂದು ಅರ್ಧ ತಾಸು ಬಿಡುತ್ತಿರಲಿಲ್ಲ. ಹೆಂಡತಿಯ ಮೂಗನ್ನು ಅವನು ಊರ ತುಂಬ ಹೊಗಳಿಕೊಂಡು ತಿರುಗಿದ. "ನಮ್ಮ ಮನಿಯಾಕಿ ಮುಂದ ತತ್ತಿ ಹೆಸರು ತಗದ್ರೂ ಸ್ನಾನ ಮಾಡ್ತಾಳ" ಎನ್ನುತ್ತಿದ್ದ.

ಅವನಿಗೊಬ್ಬಳೇ ತಂಗಿ, ಸುಕನ್ಯಾ. ಅವರ ಹೊಲದ ಬೋರಿನ ಮೋಟರು ಕೆಟ್ಟಾಗ ರಿಪೇರಿಗೆ ಬರುತ್ತಿದ್ದ ತಂಬ್ರಹಳ್ಳಿಯ ರಾಮಾಂಜನೇಯನೆಂಬ ಹುಡುಗನನ್ನು ಅವಳು ಮದುವೆಯಾದಳು. ಬೇರೆ ಜಾತಿ, ಮೀನು ಮಾಂಸ ತಿನ್ನುವ ಮನೆ. ಶಿವಯೋಗಪ್ಪ ಅವತ್ತೇ ತಂಗಿ ಸತ್ತಳೆಂದು ತಲೆಗೆ ನೀರು ಹಾಕಿಕೊಂಡ. ಆಮೇಲೆ, ತೊಂಬತ್ತೆರಡರಲ್ಲಿ, ಅವರವ್ವ ತೀರಿಕೊಂಡಾಗ ಸುಕನ್ಯಾ ಎದೆಗೂಸನ್ನು ಎತ್ತಿಕೊಂಡು ಬಂದಳು. ಹೆಣವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಶಿವಯೋಗಪ್ಪ ಹೊಸ್ತಿಲಿಗೆ ಅಡ್ಡ ನಿಂತ.

"ಮೀನು ತಿಂದ ಬಾಯಿಲೆ ನಮ್ಮವ್ವನ ಮುಂದ ಅಳಬ್ಯಾಡ. ಅಲ್ಲೇ ನಿಂತು ನೋಡಿ ಹೋಗು" ಎಂದ.

ಸುಕನ್ಯಾ ಬೀದಿಯಲ್ಲಿ, ಬಿಸಿಲಲ್ಲಿ, ನೆರೆಯವರೆಲ್ಲ ನೋಡುತ್ತಿದ್ದಂತೆ ನಿಂತಳು. ಬಾಯಾರಿ ನೀರು ಕೇಳಿದಳು. ಯಾರೋ ಸ್ಟೀಲ್ ಲೋಟದಲ್ಲಿ ಕೊಟ್ಟರು. ಅವಳು ಹೋದಮೇಲೆ ಶಿವಯೋಗಪ್ಪ ಆ ಲೋಟವನ್ನು ತಿಪ್ಪೆಗೆ ಎಸೆಯಿಸಿದ. ನಾಗಲಿಂಗಮ್ಮ ಕಿಟಕಿಯ ಒಳಗಿನಿಂದ ಇದನ್ನೆಲ್ಲ ನೋಡಿದಳು. ಅವಳೂ ಮೂಗಿಗೆ ಸೆರಗು ಹಿಡಿದಿದ್ದಳು. ನಾದಿನಿಯ ಸೀರೆಯಿಂದ ನಿಜವಾಗಿಯೂ ನಾತ ಬರುತ್ತಿದೆಯೆಂದೇ ಅವಳಿಗೆ ಅನ್ನಿಸಿತ್ತು.

ಇದಾಗಿ ಏಳೆಂಟು ವರ್ಷದ ಮೇಲೆ ಶಿವಯೋಗಪ್ಪನಿಗೆ ಶುಗರ್ ಬಂತು. ಮೊದಲು ಬಾಯಾರಿಕೆ, ಆಮೇಲೆ ಅಂಗಿ ಸಡಿಲವಾಗುವಷ್ಟು ಇಳಿದ. ಕಾಲಿನ ಹೆಬ್ಬೆರಳಿಗೆ ತಗಡು ಗೀರಿದ ಗಾಯ ಮಳೆಗಾಲ ಮುಗಿದರೂ ಮಾಯಲಿಲ್ಲ. ನಾಗಲಿಂಗಮ್ಮ ಆ ಗಾಯದ ವಾಸನೆಯಿಂದಲೇ ಹೆದರಿ, ಹಟಹಿಡಿದು ಅವನನ್ನು ದಾವಣಗೆರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ರಕ್ತದ ರಿಪೋರ್ಟು ನೋಡಿ ಗದರಿಸಿದರು. ಮಾತ್ರೆ ಬರೆದುಕೊಟ್ಟು, ಊಟದ ವಿಷಯ ಹೇಳಿದರು.

"ಅಕ್ಕಿದು, ಹಿಟ್ಟಿಂದು ಕಮ್ಮಿ ಮಾಡಿ. ಹೊತ್ತಿಗೊಂದು ರೊಟ್ಟಿ ಸಾಕು. ಮಂಡಕ್ಕಿ, ಅವಲಕ್ಕಿ ಕಡೆ ನೋಡಲೇಬೇಡಿ. ಸೊಪ್ಪು, ಮೊಳಕೆಕಾಳು, ಮೊಸರು ಜಾಸ್ತಿ ತಗೊಳ್ಳಿ. ತಿನ್ನೋರಾದ್ರೆ ಮೀನು ಒಳ್ಳೇದು. ಆದ್ರೆ ಎಣ್ಣೇಲಿ ಕರೀಬಾರದು, ಹಿಟ್ಟು ರವೆ ಹಚ್ಚಬಾರದು. ಓವನ್ ಇದ್ರೆ ಅದರಲ್ಲಿ ಬೇಯಿಸಿ."

ತಿನ್ನೋರಾದ್ರೆ ಎಂಬ ಮಾತನ್ನು ನಾಗಲಿಂಗಮ್ಮ ಸ್ಪಷ್ಟವಾಗಿ ಕೇಳಿಸಿಕೊಂಡಳು. ನಾವು ತಿನ್ನೋರಲ್ಲ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಂಡ ತಲೆ ಅಲ್ಲಾಡಿಸಿ, "ಆತ್ರಿ ಮೇಡಂ, ನೀವು ಹೇಳಿದಂಗ ಮಾಡ್ತೀವಿ" ಎಂದು ಎದ್ದುಬಿಟ್ಟಿದ್ದ.

ಹಿಂದಿರುಗುವಾಗ ಬಸ್ಸು ಹರಪನಹಳ್ಳಿ ದಾಟಿ ಕೊಟ್ಟೂರಿನಲ್ಲಿ ನಿಂತಿತು. ಶಿವಯೋಗಪ್ಪ ಇಳಿದುಹೋಗಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು, ಇದು ಕೊನೆಯದು ಎಂದು ಪೊಟ್ಟಣವನ್ನೆಲ್ಲ ಖಾಲಿ ಮಾಡಿದ. ಕೊನೆಯದಾಗಲಿಲ್ಲ.

ನಾಗಲಿಂಗಮ್ಮ ಮನೆಯ ಅಡುಗೆಯನ್ನೇ ಬದಲಿಸಿದಳು. ಹೆಸರುಕಾಳಿನ ಉಸುಳಿ, ಮೆಂತ್ಯದ ಪಲ್ಯ, ಪುಂಡಿಪಲ್ಯ, ಹಸಿ ಸೌತೆಕಾಯಿ, ಗಟ್ಟಿ ಮೊಸರು. ತಾನೂ ಅನ್ನ ಬಿಟ್ಟಳು. ಗಂಡನೆದುರು ತಾನೊಬ್ಬಳೇ ಅನ್ನ ಉಣ್ಣುವುದು ಅವಳಿಗೆ ಸರಿ ಕಾಣಲಿಲ್ಲ. ಅವನು ತಟ್ಟೆ ನೋಡಿದ ಕೂಡಲೇ ಗೊಣಗುತ್ತಿದ್ದ.

"ದನದ ಮೇವು ಹಾಕೀಯಲ್ಲ! ಡಾಕ್ಟರ್ ಏನು ಹೇಳ್ಯಾರ? ಮೀನು ತಿನ್ನು ಅಂದಾರ."

"ತಿನ್ನೋರಾದ್ರೆ ಅಂದಾರ. ನಾವು ತಿನ್ನೋರೇನ್ರಿ?"

"ಔಷಧಕ್ಕ ಅಂಥದ್ದೆಲ್ಲ ನೋಡಬಾರದು. ಜೀವ ಉಳೀಬೇಕೋ ಬ್ಯಾಡೋ?"

ಜೀವದ ಮಾತು ತೆಗೆದರೆ ಅವಳಿಗೆ ಎದುರಾಡಲು ಬರುತ್ತಿರಲಿಲ್ಲ. ಗಾಯ ಇನ್ನೂ ಹಸಿಯಾಗಿತ್ತು. ತನ್ನ ಮೂಗಿನ ಸಲುವಾಗಿ ಗಂಡನ ಕಾಲು ಹೋಯಿತೆಂದರೆ? ಹೀಗೆ ಯೋಚಿಸುತ್ತಲೇ ಕೆಲವು ವಾರ ಕಳೆದವು.

ಒಂದು ಮಂಗಳವಾರ ಮಧ್ಯಾಹ್ನ ಶಿವಯೋಗಪ್ಪ ಅಂಗಡಿಯಿಂದ ಬೇಗ ಬಂದ. ಮುಂಬಾಗಿಲು ಹಾಕಿ ಚಿಲಕ ಇಟ್ಟ. ಕಿಟಕಿಗಳನ್ನೂ ಮುಚ್ಚಿದ. ಒಂದು ಕೈಯಲ್ಲಿ ಅಂಗಡಿಯಲ್ಲಿ ವರ್ಷಗಟ್ಟಲೆ ಮಾರಾಟವಾಗದೆ ಧೂಳು ತಿನ್ನುತ್ತಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್, ಮುಚ್ಚಳದಲ್ಲಿ ಗಾಜಿನ ಕಿಂಡಿ ಇದ್ದದ್ದು. ಇನ್ನೊಂದು ಕೈಯಲ್ಲಿ ಬಟ್ಟೆಚೀಲ. ಚೀಲದಿಂದ ಪೇಪರಿನ ಗಂಟು ತೆಗೆದು, ಅವಳು ರೊಟ್ಟಿ ಬಡಿಯುವ ಕಟ್ಟೆಯ ಮೇಲೇ ಇಟ್ಟ. ಪೇಪರು ಒದ್ದೆಯಾಗಿ ಅಕ್ಷರಗಳು ಮೀನಿನ ಮೈಗೆ ಹತ್ತಿದ್ದವು. ಎರಡು ಮೀನು. ಕಣ್ಣು ತೆರೆದೇ ಇದ್ದವು.

"ಹಿನ್ನೀರಿಂದು, ತಾಜಾ ಐತಿ. ಯರ್ರೆಪ್ಪ ಸೈಕಲ್ ಮ್ಯಾಲೆ ತರ್ತಾನ, ಊರ ಹೊರಗ ಅವನ್ನ ನಿಲ್ಲಿಸಿ ತಗೊಂಡೆ, ಯಾರೂ ನೋಡಲಿಲ್ಲ. ಇದಕ್ಕ ಜಿಲೇಬಿ ಅಂತಾರ" ಎಂದ.

ಸಕ್ಕರೆ ಕಾಯಿಲೆಯವನ ಬಾಯಲ್ಲಿ ಆ ಹೆಸರು ಕೇಳಿ ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ನಾಗಲಿಂಗಮ್ಮ ಗೋಡೆಗೆ ಆತು ನಿಂತಿದ್ದಳು. ಮುಚ್ಚಿದ ಮನೆಯಲ್ಲಿ ಆ ನಾತ ಗಂಟಲಿಗೆ ಇಳಿಯುತ್ತಿತ್ತು.

ಆದರೂ ಮಾಡಿದಳು. ಮೂಗಿಗೆ ಟವೆಲು ಕಟ್ಟಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ಕೂತಳು. ಈಳಿಗೆಮಣೆ ಬಳಸಲು ಮನಸ್ಸಾಗದೆ ಗುಜರಿಗೆ ಹಾಕಬೇಕೆಂದಿದ್ದ ಹಳೇ ಚಾಕು ಹಿಡಿದಳು. ಹುರುಪೆ ಹೇಗೆ ತೆಗೆಯಬೇಕೆಂದು ಗೊತ್ತಿರಲಿಲ್ಲ. ಅವು ಸಿಡಿದು ಕೈಗೆ, ಬಳೆಯ ಸಂದಿಗೆ, ಹುಬ್ಬಿಗೆ ಅಂಟಿಕೊಂಡವು. ಹೊಟ್ಟೆ ಸೀಳಿದಾಗ ಒಳಗಿನದು ತಣ್ಣಗೆ ಜಾರಿ ಅಂಗೈಗೆ ಬಂತು. ಹಸಿರು ಬಣ್ಣದ ಕಹಿಚೀಲ ಒಡೆದು ಮಾಂಸಕ್ಕೆಲ್ಲ ಹರಡಿತು. ಎಲ್ಲಿಂದಲೋ ಬಂದ ಬೆಕ್ಕುಗಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದವು. ಎರಡು ಸಲ ಎದ್ದು ಬಚ್ಚಲ ಹಿಂದೆ ಹೋಗಿ ವಾಂತಿ ಮಾಡಿ ಬಂದು ಮತ್ತೆ ಕೂತಳು. ಖಾರ, ಉಪ್ಪು, ಅರಿಸಿನ ಸವರಿ ಓವನ್‌ನಲ್ಲಿಟ್ಟಳು. ಅರ್ಧ ಬೇಯುವಷ್ಟರಲ್ಲಿ ಕರೆಂಟು ಹೋಯಿತು. ಗಾಜಿನ ಕಿಂಡಿಯೊಳಗೆ ಬಿಳಿ ನೊರೆ ಉಕ್ಕಿ ಅಲ್ಲೇ ನಿಂತಿತು.

ಹಾಗೇ ತಾ, ಎಂದ ಗಂಡ. ಕೊಟ್ಟಳು.

ಅರೆಬೆಂದ, ಕಹಿಯಾದ ಆ ಮೀನನ್ನು ಅವನು ತಿನ್ನಲು ಸುರುಮಾಡಿದ. ನಾಗಲಿಂಗಮ್ಮ ಮುಖ ತಿರುಗಿಸಬೇಕೆಂದುಕೊಂಡವಳು ತಿರುಗಿಸಲಿಲ್ಲ. ಅವನ ಕೈಯನ್ನೇ ನೋಡಿದಳು. ಹೆಬ್ಬೆರಳಿನಿಂದ ಬೆನ್ನಗುಂಟ ಒತ್ತಿ ಮಾಂಸವನ್ನು ಎರಡು ಪಾಲು ಮಾಡಿದ. ನಡುವಿನ ಎಲುಬನ್ನು ಬಾಲದ ಕಡೆಯಿಂದ ಹಿಡಿದು ಒಂದೇ ಎಳೆತಕ್ಕೆ ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟ. ತಲೆಯನ್ನು ಎಲ್ಲಿ ಮುರಿಯಬೇಕೆಂಬುದು ಅವನ ಬೆರಳಿಗೆ ಗೊತ್ತಿತ್ತು. ಮುರಿದು, ಬಾಯಿಗಿಟ್ಟು ಚೀಪಿದ. ಕೂದಲಿನಂಥ ಮುಳ್ಳುಗಳು ತುಟಿಯ ಮೂಲೆಯಿಂದ ಒಂದೊಂದಾಗಿ ಹೊರಗೆ ಬಂದು ತಟ್ಟೆಯ ಅಂಚಿಗೆ ಸಾಲಾದವು. ಒಂದೂ ಗಂಟಲಿಗೆ ಸಿಗಲಿಲ್ಲ.

ಜಿಲೇಬಿ ಎಂಬ ಹೆಸರು ಇವನಿಗೆ ಹೇಗೆ ಗೊತ್ತು ಎಂದು ಆಗ ಅವಳಿಗೆ ಹೊಳೆಯಿತು.

"ಎಂದಿನಿಂದ?" ಎಂದು ಕೇಳಿದಳು.

"ಏನು ಎಂದಿನಿಂದ?"

"ಮೀನು. ಎಂದಿನಿಂದ ತಿನ್ನಾಕತ್ತೀರಿ?"

ಅವನು ಬೆರಳು ನೆಕ್ಕಿದ. ಬಾಯಿರುಚಿಗೆ ಬಹುಶಃ ಮನಸ್ಸು ಸಡಿಲವಾಗಿತ್ತು. "ಸಾಮಾನು ತರಾಕ ಹೊಸಪ್ಯಾಟಿಗೆ ಹೋಗ್ತಿದ್ನಲ್ಲ, ಡ್ಯಾಮಿನ ಹತ್ರ ಒಂದು ಖಾನಾವಳಿ ಐತಿ. ಎಲ್ಲಾರೂ ತಿಂತಾರ. ಆಡೋದಿಲ್ಲ ಅಷ್ಟ" ಎಂದ.

"ಮದುವಿಕಿಂತ ಮೊದ್ಲ?"

"ಅಪ್ಪ ಇದ್ದಾಗಿಂದ."

"ಅಂದ್ರ ಸುಕನ್ಯಾನ್ನ ಬಿಸಲಾಗ ನಿಲ್ಲಿಸಿದ್ರಲ್ಲ, ಅವಾಗೂ?"

ಶಿವಯೋಗಪ್ಪನಿಗೆ ಸಿಟ್ಟು ಬಂತು. "ಅದು ಬ್ಯಾರೆ, ಇದು ಬ್ಯಾರೆ. ನಾನು ಹೊರಗ ತಿಂದು, ಸ್ನಾನ ಮಾಡಿ ಒಳಗ ಬಂದೀನಿ. ಮನಿತನಕ್ಕ ಕಪ್ಪು ಹಚ್ಚಿಲ್ಲ. ಆಕಿ ಹಂಗಲ್ಲ, ಊರಿಗೆಲ್ಲ ಗೊತ್ತು ಮಾಡಿ ಹೋದ್ಲು."

ನಾಗಲಿಂಗಮ್ಮ ಎದ್ದು ಬಚ್ಚಲಿಗೆ ಹೋದಳು. ಈ ಸಲ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಬರಿ ಪಿತ್ತ ಬಂತು. ಇಷ್ಟು ವರ್ಷ ಆ ಬಾಯಿ ತನ್ನ ಪಕ್ಕದಲ್ಲಿ ಉಸಿರಾಡಿದೆ. ಆ ಕೈ ತನ್ನ ತಟ್ಟೆಗೆ ಪ್ರಸಾದ ಹಾಕಿದೆ. ಅವನು ಹೊಸಪೇಟೆಯಿಂದ ಬಂದ ದಿನ ಸಾಬೂನಿನ ವಾಸನೆ ಹೆಚ್ಚಾಗಿರುತ್ತಿದ್ದದ್ದು, ಬಾಯಲ್ಲಿ ಲವಂಗ ಇರುತ್ತಿದ್ದದ್ದು ನೆನಪಾಯಿತು. ಓಣಿಯ ಹಾಲು ಒಡೆಯುವುದನ್ನು ಹೇಳುವ ತನ್ನ ಮೂಗಿಗೆ ಗಂಡನ ವಾಸನೆ ಹತ್ತಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು. ಅವನ ಮೇಲೆ ಆ ದಿನ ಎದ್ದ ಹೇಸಿಗೆಯ ಮುಂದೆ ಮೀನಿನ ಕರುಳು ಏನೂ ಅಲ್ಲವೆನ್ನಿಸಿತು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ತಂಬ್ರಹಳ್ಳಿಯ ಬಸ್ಸು ಹತ್ತಿದಳು.

ಸುಕನ್ಯಾಳ ಮನೆ ಊರ ತುದಿಯಲ್ಲಿತ್ತು, ಮುಂದೆ ಬಿಚ್ಚಿಹಾಕಿದ ಮೋಟರುಗಳು, ತಾಮ್ರದ ತಂತಿಯ ಸುರುಳಿಗಳು. ರಾಮಾಂಜನೇಯ ಕೆಲಸಕ್ಕೆ ಹೋಗಿದ್ದ. ಬಾಗಿಲಿಗೆ ಬಂದ ಸುಕನ್ಯಾ ಅತ್ತಿಗೆಯನ್ನು ಕಂಡು, "ಅಣ್ಣಗ ಏನಾತು?" ಎಂದಳು. ಸಾವಿನ ಸುದ್ದಿಯೇ ಇರಬೇಕೆಂದುಕೊಂಡಿದ್ದಳು.

"ಏನೂ ಆಗಿಲ್ಲ. ಶುಗರ್ ಆಗೇತಿ, ಗಟ್ಟಿ ಅದಾರ."

ಸುಕನ್ಯಾ ಒಳಗೆ ಕರೆಯಲೋ ಬೇಡವೋ ಎಂದು ನಿಂತಳು. ನಾಗಲಿಂಗಮ್ಮ ತಾನೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. ಮನೆ ಸಾರಿಸಿ ಚೊಕ್ಕಟವಾಗಿತ್ತು. ಆದರೂ ಮೂಲೆಯ ಗಡಿಗೆಯಿಂದ ವಾಸನೆ ಬರುತ್ತಿತ್ತು. ಕೈ ತಾನಾಗಿಯೇ ಸೆರಗಿಗೆ ಹೋಯಿತು. ಸುಕನ್ಯಾ ಅದನ್ನು ನೋಡಿದಳು.

"ಅವತ್ತೂ ಹಂಗ ಹಿಡಿದಿದ್ರಿ, ಅತ್ತಿಗಿ. ಕಿಟಕಿಯೊಳಗಿಂದ. ನನಗ ಕಂಡಿತ್ತು."

"ಹಿಡಿದಿದ್ದೆ, ಸುಕನ್ಯಾ. ಈಗೂ ನಾತ ಬರಾಕತ್ತೈತಿ. ಸುಳ್ಳು ಯಾಕ ಹೇಳ್ಲಿ, ನನ್ನ ಹೊಟ್ಟಿ ತೊಳಸ್ತೈತಿ. ಆದ್ರ ನಿನ್ನ ಅಣ್ಣ ನಿನಗಿಂತ ಮೊದಲಿಂದ ಮೀನು ತಿಂತಾನ. ನೀನು ಹುಟ್ಟಿದ ಮನ್ಯಾಗ ಇದ್ದಾಗ, ನಿನಗ ಮೀನು ಅಂದ್ರ ಏನು ಅಂತ ಗೊತ್ತಿಲ್ಲದಾಗ, ಅಂವ ತಿಂದು ಬಂದು ನಿಮ್ಮವ್ವನ ಕಾಲು ಮುಟ್ತಿದ್ದ."

ನಿನ್ನೆಯದನ್ನೆಲ್ಲ ಹೇಳಿದಳು. ಓವನ್, ಕಹಿಚೀಲ, ಮುಳ್ಳಿನ ಸಾಲು, ಹೊರಗೆ ತಿಂದು ಒಳಗೆ ಬಂದ ಮಾತು, ಯಾವುದನ್ನೂ ಬಿಡಲಿಲ್ಲ. ಸುಕನ್ಯಾ ಕೇಳುತ್ತ ಕೇಳುತ್ತ ಗೋಡೆ ಹಿಡಿದು ಕುಸಿದು ಕೂತಳು. ನಗಲು ಹೊರಟ ಮುಖ ಅಳುವಿಗೆ ತಿರುಗಿತು.

"ಅವ್ವನ ಮಾರಿ ನನಗ ಸರಿಯಾಗಿ ಕಾಣ್ಲಿಲ್ಲ ಅತ್ತಿಗಿ. ನಡುವ ಮಂದಿ ನಿಂತಿದ್ರು" ಎಂದಳು.

ನಾಗಲಿಂಗಮ್ಮ ಚಾಪೆಯ ಮೇಲೆ ಅವಳ ಕಡೆಗೆ ಸರಿದಳು. "ನನಗ ಮೀನು ಮಾಡಾಕ ಬರಂಗಿಲ್ಲ. ಅವರ ಕಾಲಿನ ಗಾಯ ಮಾಯಬೇಕು. ನೀನು ಬಂದು ಮಾಡಿಕೊಡು, ನನಗ ತೋರಿಸು. ಮುಂಬಾಗಿಲಿಂದ ಬಾ, ಹಾಡಹಗಲ ಬಾ" ಎಂದಳು.

"ಅಂಥಾವಗ ನಾನ್ಯಾಕ ಬೇಯಿಸಿ ಹಾಕ್ಲಿ?"

"ಹಾಕಬ್ಯಾಡ. ಆದ್ರ ಆ ಹೊಸ್ತಿಲ ದಾಟು. ಅದಕ್ಕ ಮೀನಿನ ನೆವ ಬೇಕಾದ್ರ ಮೀನಿನ ನೆವ."

ಸುಕನ್ಯಾ ಒಪ್ಪಲಿಲ್ಲ, ಇಲ್ಲವೆನ್ನಲೂ ಇಲ್ಲ. ಚಹಾ ಮಾಡಿ ಕೊಟ್ಟಳು. ನಾಗಲಿಂಗಮ್ಮ ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಕುಡಿದು, ಬಸ್ಸಿನಲ್ಲಿ ಪೂರ್ತಿ ದಾರಿ ಹೊಟ್ಟೆ ಒತ್ತಿ ಹಿಡಿದುಕೊಂಡು ಬಂದಳು.

ಮುಂದಿನ ವಾರ ಸುಕನ್ಯಾ ಬಂದಳು. ಸೋಮವಾರ ಲಿಂಗಪೂಜೆಯ ವಾರ, ಅವತ್ತು ಮೀನು ಬೇಡವೆಂದು ಶಿವಯೋಗಪ್ಪ ಹೆಂಡತಿಗೆ ಮೊದಲೇ ಹೇಳಿದ್ದರಿಂದ ಗುರುವಾರ ಬಂದಳು. ಓಣಿಯ ಹೆಂಗಸರು ನೀರಿನ ಕೊಡ ಹೊತ್ತು ನಿಂತಲ್ಲೇ ನಿಂತು ನೋಡುತ್ತಿದ್ದಂತೆ ನಾಗಲಿಂಗಮ್ಮ ಹೊಸ್ತಿಲಲ್ಲಿ ಅವಳ ಕಾಲಿಗೆ ನೀರು ಕೊಟ್ಟು ಒಳಗೆ ಕರೆದುಕೊಂಡಳು. ಸುಕನ್ಯಾ ಪಡಸಾಲೆಯಲ್ಲಿ ಅವ್ವನ ಫೋಟೋದ ಮುಂದೆ ಬಹಳ ಹೊತ್ತು ನಿಂತಳು.

ಆಮೇಲೆ, ಬೆಳಿಗ್ಗೆ ಶಿವಯೋಗಪ್ಪ ತಂದಿಟ್ಟು ಅಂಗಡಿಗೆ ಹೋಗಿದ್ದ ಮೀನು ಹಿಡಿದು ಇಬ್ಬರೂ ಹಿತ್ತಲಲ್ಲಿ ಕೂತರು. ಬೂದಿ ಹಚ್ಚಿ ಹಿಡಿದರೆ ಮೀನು ಜಾರುವುದಿಲ್ಲವೆಂದು ಸುಕನ್ಯಾ ತೋರಿಸಿದಳು. ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆದಳು, ಕಿವಿರು ಕಿತ್ತಳು, ಕಹಿಚೀಲವನ್ನು ಒಡೆಯದಂತೆ ಬೆರಳಲ್ಲಿ ಎತ್ತಿ ಬೆಕ್ಕಿನ ಕಡೆಗೆ ಎಸೆದಳು. ಹುಳಿಮಜ್ಜಿಗೆ, ಉಪ್ಪು, ಅರಿಸಿನದಲ್ಲಿ ತೊಳೆದಳು. "ನಮ್ಮ ಮನ್ಯಾಗ ಸಾರು ಮಾಡೋದು, ಇಲ್ಲಾ ಕರಿಯೋದು. ಓವನ್ ನಾನೂ ಕಂಡಿಲ್ಲ" ಎನ್ನುತ್ತ, ಹಿಟ್ಟಿಲ್ಲದೆ ಮಸಾಲೆ ಹೇಗೆ ನಿಲ್ಲುತ್ತದೆಂದು ಯೋಚಿಸಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಬೆಳ್ಳುಳ್ಳಿ, ಮೆಣಸು, ಹಸಿಮೆಣಸಿನಕಾಯಿ, ಕೊತ್ತಂಬರಿ ಅರೆದು ಕಲಸಿದಳು. ಮೈಗೆ ಗೀರು ಹಾಕಿ ತುಂಬಿದಳು. ಮುತ್ತುಗದ ಎಲೆ ಹಾಸಿ, ಉಳ್ಳಾಗಡ್ಡಿ ಹೋಳು ಹರಡಿ, ಮೇಲೆ ಮೀನಿಟ್ಟು ಮುಚ್ಚಿದರು. ಅವತ್ತು ಕರೆಂಟು ಕೈಕೊಡಲಿಲ್ಲ. ನಾಗಲಿಂಗಮ್ಮ ಟವೆಲು ಕಟ್ಟಿಕೊಂಡೇ ಎಲ್ಲವನ್ನೂ ನೋಡಿದಳು. ನಡುವೆ ಒಮ್ಮೆ ಎದ್ದುಹೋಗಿ ಬಂದಳು. ಸುಕನ್ಯಾ ಬೇಜಾರು ಮಾಡಿಕೊಳ್ಳಲಿಲ್ಲ, ಬಾಯಿ ಮುಕ್ಕಳಿಸಲು ಚೊಂಬು ಕೊಟ್ಟಳು.

ಮಧ್ಯಾಹ್ನ ಶಿವಯೋಗಪ್ಪ ಊಟಕ್ಕೆ ಬಂದವನು ತಂಗಿಯನ್ನು ಕಂಡು ಬಾಗಿಲಲ್ಲೇ ನಿಂತ. ಹೆಂಡತಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಮಾಡಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಿತ್ತಲ ಬಾಗಿಲಿಂದ ಕರಕೊಬೇಕಿತ್ತಲ್ಲ?"

"ಮೀನನ್ನ ಮುಂಬಾಗಿಲಿಂದ ತಂದೋರು ನೀವ" ಎಂದಳು ನಾಗಲಿಂಗಮ್ಮ. ಪಿಸುಗುಟ್ಟಲಿಲ್ಲ.

ಅಷ್ಟರಲ್ಲಿ ಹೊರಗೆ ಕೆಮ್ಮಿನ ಸದ್ದಾಯಿತು. ಮಠದ ಕಮಿಟಿಯ ಅಧ್ಯಕ್ಷ ಗುರುಸಂಗಪ್ಪ, ಏನೋ ಕೆಲಸದ ಮೇಲೆ ಬಂದವನು, ಪಡಸಾಲೆಯ ಕುರ್ಚಿಯಲ್ಲಿ ಕೂತ. ಕೂತವನೇ ಮೂಗು ಅರಳಿಸಿ ಸುತ್ತಲೂ ನೋಡಿದ. ಓವನ್ನಿನಿಂದ ಬರುತ್ತಿದ್ದ ವಾಸನೆಯನ್ನು ಬಚ್ಚಿಡುವಂತಿರಲಿಲ್ಲ.

"ಏನ್ರಿ ಇದು, ಶಿವಯೋಗಪ್ಪನೋರ?"

ಶಿವಯೋಗಪ್ಪನ ಮುಖ ಬೂದಿಯಾಯಿತು. ಮೇಲುವಸ್ತ್ರ ಸರಿಮಾಡಿಕೊಂಡ. ಆಮೇಲೆ ತಲೆ ತಗ್ಗಿಸಿ, ನೊಂದವನ ಧ್ವನಿಯಲ್ಲಿ ಹೇಳಿದ. "ಏನು ಹೇಳ್ಲಿ. ತಂಗಿ ಬಂದಾಳ. ಬ್ಯಾಡ ಅಂದ್ರೂ ಆಕಿ ತಿನ್ನೋದು ಆಕಿ ತಂದಾಳ. ಒಡಹುಟ್ಟಿದಾಕಿ, ಹೊರಗ ಹಾಕಾಕ ಮನಸು ಬರಲಿಲ್ಲ. ಹೋದಮ್ಯಾಲೆ ಮನಿ ಶುದ್ಧ ಮಾಡಿಸ್ತೀನಿ."

ಅಡುಗೆಮನೆಯಲ್ಲಿ ಇಬ್ಬರಿಗೂ ಅದು ಕೇಳಿಸಿತು. ಸುಕನ್ಯಾ ಕೈ ತೊಳೆದು ಹೊರಡಲು ತನ್ನ ಚೀಲ ಎತ್ತಿಕೊಂಡಳು. ನಾಗಲಿಂಗಮ್ಮ ಅವಳ ತೋಳು ಹಿಡಿದು ಕೂರಿಸಿದಳು. ಓವನ್ನಿನ ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ಹೊಡೆಯಿತು. ಟವೆಲು ಬಿಚ್ಚಿ ಎಸೆದು, ಬರಿಮುಖದಲ್ಲಿ, ಮುತ್ತುಗದ ಎಲೆಯ ಸಮೇತ ಇಡೀ ಮೀನನ್ನು ತಟ್ಟೆಗೆ ಹಾಕಿ, ಪಕ್ಕಕ್ಕೆ ಪುಂಡಿಪಲ್ಯ, ಒಂದು ರೊಟ್ಟಿ ಇಟ್ಟು, ಪಡಸಾಲೆಗೆ ಒಯ್ದು ಗಂಡನ ಎದುರಿನ ಮಣೆಯ ಮೇಲಿಟ್ಟಳು.

"ಇದು ಇವರ ಊಟ, ಗುರುಸಂಗಪ್ಪನೋರ. ಸುಕನ್ಯಾಂದಲ್ಲ. ಇವರ ಹೋಗಿ ತಂದಾರ. ಆಕಿ ನನಗ ಬೇಯಿಸಿಕೊಡಾಕ ಬಂದಾಳ, ನನಗ ಬರಂಗಿಲ್ಲ ಅಂತ. ಇವರಿಗೆ ತಿನ್ನಾಕ ಯಾರೂ ಕಲಿಸಬೇಕಾಗಿಲ್ಲ, ಅಪ್ಪ ಇದ್ದಾಗಿಂದ ಬರ್ತೈತಿ." ಗಂಡನ ಕಡೆಗೆ ತಿರುಗಿ, "ಉಣ್ರಿ, ಆರತೈತಿ" ಎಂದಳು.

ಮೀನಿನ ಮೇಲಿನ ಮೊಸರು ಇನ್ನೂ ಸಣ್ಣಗೆ ಕುದಿಯುತ್ತಿತ್ತು. ಗುರುಸಂಗಪ್ಪ ತಟ್ಟೆಯನ್ನೂ ಶಿವಯೋಗಪ್ಪನನ್ನೂ ನೋಡಿದ. ಎದ್ದು, ಧೋತರದ ತುದಿ ಎತ್ತಿ ಹಿಡಿದು, "ಶುಗರ್ ಕೆಟ್ಟದ್ದು ಬಿಡ್ರಿ" ಎಂದಷ್ಟೇ ಹೇಳಿ ಹೊಸ್ತಿಲು ದಾಟಿದ. ಅವನು ಓಣಿ ತಿರುಗುವ ಮೊದಲೇ ಸುದ್ದಿ ಬಜಾರು ಸೇರಿತ್ತು.

ಶಿವಯೋಗಪ್ಪ ಅವತ್ತು ತಟ್ಟೆ ಒದೆಯುತ್ತಾನೆ, ಹೆಂಡತಿಯ ಮೇಲೆ ಕೈಯೆತ್ತುತ್ತಾನೆ ಎಂದು ಸುಕನ್ಯಾ ಹೆದರಿದ್ದಳಂತೆ. ಅವನು ಬಹಳ ಹೊತ್ತು ಹಾಗೇ ಕೂತಿದ್ದು, ಕೊನೆಗೆ ಹಸಿವು ತಡೆಯಲಾರದೆ ಕೈಹಾಕಿದ. ಪೂರ್ತಿ ತಿಂದ. ನಾಗಲಿಂಗಮ್ಮ ಎದುರಿಗೆ ಕೂತು, ಮುಖದ ಒಂದು ಗೆರೆಯೂ ಅಲ್ಲಾಡದಂತೆ ನೋಡಿದಳು. ಅವನು ಎದ್ದಾಗ, "ತಟ್ಟಿ ನೀವ ತೊಳೀರಿ. ನಾನು ಮುಟ್ಟಂಗಿಲ್ಲ" ಎಂದಳು.

ಹುಟ್ಟಿದಾಗಿನಿಂದ ತಟ್ಟೆ ಎತ್ತಿ ಗೊತ್ತಿಲ್ಲದ ಪಾತ್ರೆ ವ್ಯಾಪಾರಿ ಹಿತ್ತಲ ನಲ್ಲಿಯ ಕೆಳಗೆ ಕೂತು ಬೂದಿ ಹಚ್ಚಿ ತಟ್ಟೆ ತಿಕ್ಕಿದ. ಅವತ್ತಿನಿಂದ ಅದು ಅವನ ಕೆಲಸವಾಯಿತು. ಕಮಿಟಿಯವರು ಅವನನ್ನು ತೆಗೆದುಹಾಕಲಿಲ್ಲ. ಮುಂದಿನ ಸಭೆಗಳಿಗೆ ಹೇಳಿಕಳಿಸುವುದನ್ನು ಮರೆತರು, ಅಷ್ಟೇ. ಸುಮಾರು ದಿನ ಅವನು ಹೆಂಡತಿಯ ಜೊತೆ ಮಾತು ಬಿಟ್ಟ. ಅವಳೂ ಮಾತಾಡಿಸಲು ಹೋಗಲಿಲ್ಲ. ತನ್ನ ಹಾಸಿಗೆಯನ್ನು ದೇವರಕೋಣೆಯ ಪಕ್ಕದ ಕೋಣೆಗೆ ಹಾಕಿಕೊಂಡಳು. ಅದು ಮತ್ತೆ ಹಿಂದಿರುಗಲಿಲ್ಲ.

ಓವನನ್ನು ಹಿತ್ತಲಿನ ಕಟ್ಟಿಗೆಯ ಗುಡಿಸಲಿಗೆ ಸಾಗಿಸಿ ಅಲ್ಲಿಗೇ ಒಂದು ವೈರು ಎಳೆಸಿದಳು. ವಾರಕ್ಕೆರಡು ಸಲ ಸುಕನ್ಯಾ ಬರುತ್ತಿದ್ದಳು, ಆಗದಿದ್ದ ದಿನ ನಾಗಲಿಂಗಮ್ಮನೇ ಮಾಡುತ್ತಿದ್ದಳು. ಕೈ ಪಳಗಿತು, ಹೊಟ್ಟೆ ಪಳಗಲಿಲ್ಲ. ಮೀನು ಮಾಡಿದ ದಿನ ತಲೆಗೆ ಸ್ನಾನ ಮಾಡಿ, ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಚಳಿಗಾಲ ಮುಗಿಯುವಷ್ಟರಲ್ಲಿ ಶಿವಯೋಗಪ್ಪನ ಹೆಬ್ಬೆರಳು ಮಾಯಿತು. ದಾವಣಗೆರೆಯ ಡಾಕ್ಟರು ರಿಪೋರ್ಟು ನೋಡಿ, ಮನೆಯಲ್ಲಿ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಹೊಗಳಿದರು. ನಾಗಲಿಂಗಮ್ಮ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಿದ್ದಳು.

"ಅಷ್ಟು ಅಸಹ್ಯ ಆದ್ರ ಯಾಕ ಮಾಡಿ ಹಾಕ್ತೀರಿ?" ಎಂದು ಓಣಿಯ ಹೆಂಗಸರು ಕೇಳಿದ್ದುಂಟು.

"ಕಾಲು ಕೊಳೆತ್ರ ಅದನ್ನ ತೊಳೆಯೋದೂ ನನ್ನ ಪಾಲಿಗೇ ಬರ್ತೈತಲ್ಲ" ಎನ್ನುತ್ತಿದ್ದಳು.

ಎರಡು ಸಾವಿರದ ಎಂಟರ ಸುಮಾರಿಗೆ ಸುಕನ್ಯಾಳ ಮಗಳು, ಅಂದು ಬೀದಿಯಲ್ಲಿ ಎದೆಗೂಸಾಗಿದ್ದ ಅಮೃತಾ, ಪಿಯುಸಿ ಓದಲು ಬಂದು ಸೋದರಮಾವನ ಮನೆಯಲ್ಲೇ ಉಳಿದಳು. ಅವಳನ್ನು ಇಟ್ಟುಕೊಳ್ಳುತ್ತೇನೆಂದು ನಾಗಲಿಂಗಮ್ಮ ಗಂಡನನ್ನು ಕೇಳಲಿಲ್ಲ, ತಿಳಿಸಿದಳು. ಹುಡುಗಿ ಬಂದ ವಾರವೇ ಗುಡಿಸಲಿನಿಂದ ಮಾವನ ಮೀನನ್ನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಕೂಡಲೇ ಹೊರಗೆ ಬಂದು ಉಗುಳಿದಳು.

"ಥೂ! ಏನ್ ಅತ್ತಿ ಇದು? ಎಣ್ಣಿ ಇಲ್ಲ, ಹುಳಿ ಇಲ್ಲ. ಇದನ್ನ ಹೆಂಗ ತಿಂತಾನ ಮಾವ?"

ನಾಗಲಿಂಗಮ್ಮ ನಗುತ್ತ ನಗುತ್ತ ಕಣ್ಣಲ್ಲಿ ನೀರು ಬರಿಸಿಕೊಂಡು, ಹುಡುಗಿಗೆ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟಳು.